ಹೇಳದಂಗ ಪಿಡಿಎಫ್ ಬದಲಿಸಿದ್ರ ಅದು ತಿದ್ದುಪಡಿ ಆಗ್ತದೇನು?

ಕಲಬುರಗಿ ಗ್ರಂಥಪಾಲಕ:
ಬಹಮನಿ ಸುಲ್ತಾನರ ರಾಜಧಾನಿ ಕಲಬುರಗಿಯಿಂದ ಬೀದರಕ್ಕ ಹೋದದ್ದರ ಮ್ಯಾಲ ನಮ್ಮ ಭಾಗದ ಒಂದು ಜರ್ನಲ್‌ನಾಗ ಹೋದ ವರ್ಷ ಪ್ರಬಂಧ ಬಂದಿತ್ತು. ಅದರಾಗ 1424 ಅಂತಿತ್ತು. ಈಗ ಅದೇ ಲಿಂಕ್ ತೆಗೆದ್ರ 1429 ಅದ. ಸೂಚನೆ ಇಲ್ಲ, ತಿದ್ದಿದ ತಾರೀಖಿಲ್ಲ, ಹಳೇ ಪಿಡಿಎಫ್ ಇಲ್ಲ. ಹಳೇದನ್ನ ಉಲ್ಲೇಖ ಮಾಡಿ ಥೀಸಿಸ್ ಕೊಟ್ಟ ಹುಡುಗರು ಏನ್ ಮಾಡಬೇಕು? ಪ್ರಕಾಶನ ನೀತಿ ನೋಡ್ಲಿಕ್ಕಂತ 1997ರಾಗ ಹುಟ್ಟಿದ ಕೋಪ್ ಸಂಸ್ಥೆ ಸಾಫ್ ಹೇಳ್ಯಾದ: ಪ್ರಬಂಧ ವಾಪಸ್ ತಗೊಂಡ್ರೂ ಸಾಮಾನ್ಯವಾಗಿ ಅಳಿಸಬಾರದು, ಅದರ ಮ್ಯಾಲ ಗುರುತು ಹಾಕಬೇಕು, ಯಾರು ತಗೊಂಡ್ರು, ಯಾಕ ತಗೊಂಡ್ರು ಅಂತ ಬ್ಯಾರೆ ಸೂಚನೆ ಕೊಡಬೇಕು, ಅದು ಎಲ್ಲಾರಿಗೂ ಪುಕ್ಕಟೆ ಸಿಗಬೇಕು. ಬರೀ ತಿದ್ದುಪಡಿ ಆದ್ರೂ ಸೂಚನೆ ಬೇಕೇ ಬೇಕು. ಹೇಳದಂಗ ಬದಲಿಸೋದು ಓದುಗರಿಗೆ ಮಾಡೋ ಮೋಸ.

ಕಡಗಂಚಿ ಸ್ಕಾಲರ್:
"ಮೋಸ" ಅನ್ನೋದು ಭಾಳ ದೊಡ್ಡ ಮಾತಾಯ್ತು ಸರ. ತಪ್ಪು ಸಿಕ್ತು, ತಿದ್ದ್ಯಾರ. 2025ರಿಂದ ಕೇಂದ್ರ ಸರ್ಕಾರ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕೊಡೋ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಾಗ ವಾಪಸಾದ ಪ್ರಬಂಧಕ್ಕ ಅಂಕ ಕಡೀಲತ್ತಾರ. ಸೂಚನೆ ಅಂತ ಹಾಕಿದ್ರ ಬರೆದವನ ಹೆಸರು ಹಾಳಾಗ್ತದ.

ಬೀದರ ಕೋಟಿ ಮಂದಿ:
"ತಿದ್ದ್ಯಾರ" ಅಂತೀರಲ್ಲ, ಏನ್ ತಿದ್ದ್ಯಾರ್ರಿ? 1424 ಸರಿ ಇತ್ತು. ಸರಿ ಇದ್ದದ್ದನ್ನ ಕೆಡಿಸ್ಯಾರ.

ಬಂದೇನವಾಜ್ ಓಣಿ:
ಸರಿ ಇತ್ತಂತ ಯಾರು ಹೇಳಿದ್ರು? ನಾವು ಸಾಲ್ಯಾಗ ಓದಿದ್ದು 1429. ಬಹಮನಿ ರಾಜ್ಯ ಹುಟ್ಟಿದ 1347ರಿಂದ ಹಿಡಿದ್ರ ಕಲಬುರಗಿ 82 ವರ್ಷ ರಾಜಧಾನಿ ಇತ್ತು. ಅದರಾಗ 5 ವರ್ಷ ಕಸಗೊಳ್ಳಾಕ ಬಂದೀರೇನು?

ಸುರಪುರದಾಕಿ:
ಕಡಗಂಚಿ ಅಣ್ಣಾ, "ಹೆಸರು ಹಾಳು" ಅನ್ನೋದೇ ಖರೆ ಅಲ್ಲ. ವಿಜ್ಞಾನಿ ಫ್ರಾನ್ಸಿಸ್ ಅರ್ನಾಲ್ಡ್‌ಗೆ 2018ರಾಗ ನೊಬೆಲ್ ಬಂತು. 2019ರ ತನ್ನ ಪ್ರಬಂಧದ ಫಲಿತಾಂಶ ಮತ್ತೊಮ್ಮೆ ಮಾಡಿದಾಗ ಬರಲಿಲ್ಲಂತ 2020ರ ಜನವರಿದಾಗ ತಾನೇ ಮುಂದ ಬಂದು ವಾಪಸ್ ತಗೊಂಡಳು. ಮಂದಿ ಆಕಿ ಮ್ಯಾಲ ಇಟ್ಟ ನಂಬಿಕಿ ಹೆಚ್ಚೇ ಆಯ್ತು.

ಕಡಗಂಚಿ ಸ್ಕಾಲರ್:
ನೊಬೆಲ್ ಬಂದಾಕೀಗೆ ಯಾರು ಏನಂತಾರ ಅಕ್ಕಾ? ನಾಳೆ ಇಂಟರ್‌ವ್ಯೂದಾಗ ಕುಂದ್ರೋರು ನಾವು.

ಬೀದರ ಕೋಟಿ ಮಂದಿ:
82 ವರ್ಷ ಅಂತ ಹೇಳಿದವರಿಗೆ: ರಾಜಧಾನಿ ಬದಲಿಸಿದ ಸುಲ್ತಾನ ಅಹ್ಮದ್ ಶಾ ಗದ್ದುಗಿ ಏರಿದ್ದು 1422ರಾಗ. ಕಲಬುರಗಿಯ ಸೂಫಿ ಸಂತ ಬಂದೇನವಾಜರು ತೀರಿಕೊಂಡದ್ದೂ ಅದೇ ವರ್ಷ. ಅಲ್ಲಿ ಅವನನ್ನ ಹಿಡಿದಿಡೋರು ಯಾರೂ ಉಳಿಲಿಲ್ಲ, ಎರಡು ವರ್ಷಕ್ಕ ಬೀದರಕ್ಕ ಬಂದ.

ಬಂದೇನವಾಜ್ ಓಣಿ:
"ಹಿಡಿದಿಡೋರು ಯಾರೂ ಉಳಿಲಿಲ್ಲ"? ನಾಲಿಗಿ ಮ್ಯಾಲ ಹಿಡಿತ ಇರಲಿ. ದರ್ಗಾ ಇಂದಿಗೂ ಇಲ್ಲೇ ಅದ, ಉರುಸಿಗೆ ನಿಮ್ಮ ಬೀದರದೋರೇ ಬರ್ತಾರ. ಮತ್ತ ನಿಮ್ಮ ಕೋಟಿ ಕೆಲಸ 1432ರ ತನಕ ನಡೀತಂತ ಪುಸ್ತಕದಾಗೇ ಅದ. ಕೋಟಿ ಇಲ್ಲದ ಊರಿಗೆ ಸುಲ್ತಾನ 1424ರಾಗ ಹೆಂಗ ಬಂದ?

ಬೀದರ ಕೋಟಿ ಮಂದಿ:
ಬಹಮನಿಗಿಂತ ಮೊದಲೂ ಬೀದರದಾಗ ಕೋಟಿ ಇತ್ತು. ಓದಿ ಬರ್ರಿ.

ಭೀಮಾ ದಂಡಿ ಡಾಕ್ಟರ್:
ಇಬ್ಬರೂ ಸ್ವಲ್ಪ ತಡೀರಿ. "ತಪ್ಪು ಸಿಕ್ತು, ತಿದ್ದ್ಯಾರ" ಅಂದ ತಮ್ಮಗ ನಾ ಹೇಳೋದದ. 1998ರಾಗ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನಾಗ ಬರೀ 12 ಮಕ್ಕಳ ಮ್ಯಾಲ ಬರೆದು, ದಡಾರ, ಮಂಗನಬಾವು, ರುಬೆಲ್ಲಾ ತಡಿಯೋ ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ್ರು. ಪೂರಾ ವಾಪಸ್ ತಗೊಂಡದ್ದು 2010ರಾಗ. ಇಂದಿಗೂ ನನ್ನ ಓಪಿಡಿದಾಗ ತಾಯಂದಿರು ಆ ಮಾತು ಎತ್ತಿ ಲಸಿಕೆ ಬ್ಯಾಡ ಅಂತಾರ. ವಾಪಸ್ ತಗೊಂಡದ್ದು ಮಂದಿಗೆ ಮುಟ್ಟಲಿಲ್ಲಂದ್ರ ಏನಾಗ್ತದ ನಾ ದಿನಾ ನೋಡ್ತೀನಿ.

ಕಡಗಂಚಿ ಸ್ಕಾಲರ್:
ಅದೇ ಲ್ಯಾನ್ಸೆಟ್ 2020ರಾಗ ಕೋವಿಡ್‌ಗೆ ಕೊಡ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧದ ಮ್ಯಾಲಿನ ಪ್ರಬಂಧ ಮೇ 22ಕ್ಕ ಹಾಕಿ ಜೂನ್ 4ಕ್ಕ ವಾಪಸ್ ತಗೊಂತು. ಅದ್ಯಾಕ ಹೇಳಲಿಲ್ಲ ಡಾಕ್ಟರ್ ಸಾಹೇಬ್ರೆ?

ಭೀಮಾ ದಂಡಿ ಡಾಕ್ಟರ್:
ಅವಾಗೂ ಸೂಚನೆ ಹಾಕೇ ತಗೊಂಡ್ರು. ನಿನ್ನ ಸಂಪಾದಕರಂಗ ಮುಚ್ಚಿಟ್ಟು ತಗೊಂಡಿಲ್ಲ.

ಕಲಬುರಗಿ ಗ್ರಂಥಪಾಲಕ:
1424, 1429 ಎರಡೂ ಪುಸ್ತಕಗಳಾಗ ಅವ. ಇದು ಇತಿಹಾಸಕಾರರ ಭಿನ್ನಾಭಿಪ್ರಾಯ. ಅದಕ್ಕೇ ಸೂಚನೆ ಬೇಕು ಅನ್ನಲತ್ತೀನಿ. ಯಾವ ಆಕರ ನೋಡಿ ಬದಲಿಸಿದ್ರು ಅಂತ ಹೇಳಿದ್ರ ವಾದಕ್ಕ ಒಂದು ನೆಲಿ ಸಿಗ್ತಿತ್ತು.

ಬಂದೇನವಾಜ್ ಓಣಿ:
"ಭಿನ್ನಾಭಿಪ್ರಾಯ" ಅಲ್ಲ ಸರ. ನೀವು ಕಲಬುರಗಿಯೋರಾಗಿ ಹಿಂಗ ಹೇಳಬಾರದಿತ್ತು.

ಬೀದರ ಕೋಟಿ ಮಂದಿ:
ಎರಡೂ ಇದ್ರ 1424 ತೆಗೆದದ್ದು ಯಾಕ? ಪ್ರಬಂಧ ಪೂರಾ ವಾಪಸ್ ತಗೊಳ್ಳಿ.

ಸುರಪುರದಾಕಿ:
ಒಂದು ವರ್ಷದ ಸಲುವಾಗಿ ಪೂರಾ ವಾಪಸ್ ಯಾಕ? ತೀರ್ಮಾನವೇ ನಂಬಲಿಕ್ಕೆ ಬರದಂಗಿದ್ರ ವಾಪಸ್, ಇಲ್ಲಂದ್ರ ತಿದ್ದುಪಡಿ. 2023ರಾಗ ಹಿಂದಾವಿ ಪ್ರಕಾಶನದ್ದು 8,000ಕ್ಕಿಂತ ಹೆಚ್ಚು ಪ್ರಬಂಧ ವಾಪಸಾದ್ವು, ಪರಿಶೀಲನೆಯೇ ಕೆಟ್ಟಿತ್ತಂತ. ಅದನ್ನೂ ಇದನ್ನೂ ಒಂದೇ ತಕ್ಕಡ್ಯಾಗ ಇಡಬ್ಯಾಡ್ರಿ.

ಬೀದರ ಕೋಟಿ ಮಂದಿ:
ರಾಜಧಾನಿ ಹೋದ ವರ್ಷವೇ ಆ ಪ್ರಬಂಧದ ತೀರ್ಮಾನ, ತಂಗಿ. "ಒಂದು ವರ್ಷ" ಅಂತ ಹಗುರ ಮಾಡಬ್ಯಾಡ.

ಕಲಬುರಗಿ ಗ್ರಂಥಪಾಲಕ:
ಸಂಪಾದಕರಿಗೆ ಪತ್ರ ಬರೀಲತ್ತೀನಿ. ಹಳೇ ಪಿಡಿಎಫ್ ತಿರುಗಿ ಹಾಕಬೇಕು, ತಾರೀಖು ಹಾಕಿ ಸೂಚನೆ ಕೊಡಬೇಕು, ಆಕರ ಹೇಳಬೇಕು. ಯಾವ ವರ್ಷ ಸರಿ ಅಂತ ನಾ ಬರೆಯೋದಿಲ್ಲ. ಸಹಿ ಮಾಡೋರು ಇಲ್ಲೇ ಹೇಳ್ರಿ.

ಸುರಪುರದಾಕಿ:
ನಂದು ಹಾಕ್ರಿ.

ಭೀಮಾ ದಂಡಿ ಡಾಕ್ಟರ್:
ನಂದೂ.

ಬಂದೇನವಾಜ್ ಓಣಿ:
1429 ಅಂತ ಬರೆದ್ರ ಹಾಕ್ರಿ, ಇಲ್ಲಂದ್ರ ಬ್ಯಾಡ.