ಮಳೆಗಾಲದ ತೋಟಕ್ಕೆ ಯಾವ ಸ್ಟೀಲಿನ ಚಾಕು? 440ಸಿ ಬಳಸಿದವರು ಅನುಭವ ಹೇಳಿ

ಮೂಡಿಗೆರೆ ಬೆಳೆಗಾರ (ಕೇಳಿದವರು):
ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ತೋಟ. ಕಾಫಿ, ಮೆಣಸು, ಒಂದಿಷ್ಟು ಅಡಿಕೆ. ಜೊತೆಗೆ ಚಿಕ್ಕದೊಂದು ಹೋಂಸ್ಟೇ. ನಮ್ಮ ಚಾಕುಗಳೆಲ್ಲ ಕಬ್ಬಿಣದವು. ಜೂನ್ ಬಂತೆಂದರೆ ಸಂಜೆ ಒರೆಸಿಟ್ಟ ಚಾಕು ಬೆಳಿಗ್ಗೆ ಕೆಂಪಗಾಗಿರುತ್ತದೆ. ಹಾಗಾಗಿ ಸ್ಟೇನ್‌ಲೆಸ್ ತಗೊಳ್ಳೋಣ ಅಂತ ಆನ್‌ಲೈನ್ ನೋಡಿದೆ. ಒಂದರ ಮೇಲೆ 440ಸಿ, ಇನ್ನೊಂದರ ಮೇಲೆ ಬರೀ 440, ಮತ್ತೊಂದರಲ್ಲಿ 9ಸಿಆರ್18, ಕೆಲವದರಲ್ಲಿ ಸುಮ್ನೆ 'ಸ್ಟೇನ್‌ಲೆಸ್ ಸ್ಟೀಲ್'. ಬೆಲೆ ನೋಡಿದರೆ ನೂರುಗಳಿಂದ ಸಾವಿರಗಳವರೆಗೆ ಇದೆ. ಏನು ವ್ಯತ್ಯಾಸ? ಕೆಲಸ ಇಷ್ಟು: ಮೆಣಸಿನ ಬಳ್ಳಿ ಕಟ್ಟುವಾಗ ಹಗ್ಗ ಕತ್ತರಿಸುವುದು, ಕಸಿ, ಸಣ್ಣ ಚಿಗುರು ತೆಗೆಯುವುದು, ಮತ್ತೆ ಹೋಂಸ್ಟೇ ಅಡುಗೆಮನೆ. ಒಂದೇ ಚಾಕು ಎಲ್ಲಕ್ಕೂ ಆಗುತ್ತದಾ? ಇಲ್ಲಾ, ನಮ್ಮೂರ ಕಮ್ಮಾರರಿಗೇ ಸ್ಟೇನ್‌ಲೆಸ್ ಪಟ್ಟಿ ಕೊಟ್ಟು ಮಾಡಿಸಬಹುದಾ?

ಸಕಲೇಶಪುರ ಕಡೆಯವರು:
440ಸಿ ಮಡಚುವ ಚಾಕು ಜೇಬಲ್ಲಿಟ್ಟುಕೊಂಡು ಕೆಲವು ಮಳೆಗಾಲ ಕಳೆದಿದ್ದೇನೆ. ಒಳ್ಳೇದು. ಪ್ಲಾಸ್ಟಿಕ್ ಹಗ್ಗ, ಗೊಬ್ಬರದ ಚೀಲ, ಪೈಪು ಎಲ್ಲ ಕತ್ತರಿಸಿದೆ, ಹರಿತ ಬೇಗ ಹೋಗಲ್ಲ. ಮೊಂಡಾದ ಮೇಲೆ ಮಾತ್ರ ಮಸೆಯೋದು ಬೇಜಾರಿನ ಕೆಲಸ. ಆದರೆ ಕತ್ತಿ ಬಿಟ್ಟು ಇದನ್ನೇ ಹಿಡೀತೀನಿ ಅಂದರೆ ಆಗಲ್ಲ ಮಾರಾಯ್ರೆ. ಮರದ ಕೊಂಬೆಗೆ, ಬೇಲಿ ಗಿಡಕ್ಕೆ ಕತ್ತಿಯೇ ಬೇಕು.

ಹಾಸನ, ಟೂಲ್‌ರೂಮ್ ಕೆಲಸದವನು:
ಸ್ವಲ್ಪ ಉದ್ದ ಆಗುತ್ತದೆ, ಸಾವಕಾಶವಾಗಿ ಓದಿ.

ಮೊದಲು ಕಮ್ಮಾರರ ಪ್ರಶ್ನೆ ಮುಗಿಸೋಣ. ಬೇಡ. ಅವರ ಕೈಚಳಕದ ಮೇಲೆ ನನಗೆ ಅನುಮಾನ ಇಲ್ಲ, ತೊಂದರೆ ಇರುವುದು ಉಕ್ಕಿನಲ್ಲಿ. ಲಾರಿ ಸ್ಪ್ರಿಂಗ್ ಪಟ್ಟಿಯನ್ನು 800ರಿಂದ 850 ಡಿಗ್ರಿವರೆಗೆ ಕಾಸಿ ಎಣ್ಣೆಗೆ ಅದ್ದಿದರೆ ಗಟ್ಟಿಯಾಗುತ್ತದೆ. ಅನುಭವಸ್ಥ ಕಮ್ಮಾರ ಬೆಂಕಿಯ ಬಣ್ಣ ನೋಡಿಯೇ ಇದನ್ನು ಹಿಡಿಯುತ್ತಾರೆ. 440ಸಿಗೆ 1010ರಿಂದ 1065 ಡಿಗ್ರಿ ಬೇಕು. ಅಷ್ಟು ಕಾವು ಮುಟ್ಟಿದರೆ ಸಾಲದು, ಒಳಗಿನ ಕಾರ್ಬನ್ ಕರಗುವವರೆಗೆ ಅದೇ ಕಾವಿನಲ್ಲಿ ನಿಲ್ಲಿಸಬೇಕು. ಆಮೇಲೆ ತಣ್ಣಗೆ ಮಾಡಿ, ಮತ್ತೆ 150ರಿಂದ 200 ಡಿಗ್ರಿಯಲ್ಲಿ ಹದ ಮಾಡಬೇಕು. ಇದು ಅಳತೆ ತೋರಿಸುವ ವಿದ್ಯುತ್ ಕುಲುಮೆಯ ಕೆಲಸ. ಇದ್ದಿಲ ಬೆಂಕಿಯಲ್ಲಿ ಕಣ್ಣಂದಾಜಿಗೆ ಆಗುವುದಲ್ಲ.

ಇನ್ನೊಂದು ಮಾತು. ನಿಮಗೆ ಸುಲಭವಾಗಿ ಸಿಗುವ ಸ್ಟೇನ್‌ಲೆಸ್ ಪಟ್ಟಿ ಬಹುಪಾಲು 304 ಇರುತ್ತದೆ, ಪಾತ್ರೆಯ ಸ್ಟೀಲ್. ಕ್ರೋಮಿಯಂ 18%, ನಿಕ್ಕಲ್ 8%, ಕಾರ್ಬನ್ 0.08%ಕ್ಕಿಂತ ಹೆಚ್ಚಿಲ್ಲ. ಕಾರ್ಬನ್ ಅಷ್ಟು ಕಡಿಮೆ ಇದ್ದು, ನಿಕ್ಕಲ್ ಅಷ್ಟು ಇದ್ದರೆ ಎಷ್ಟು ಕಾಸಿ ಅದ್ದಿದರೂ ಗಟ್ಟಿಯಾಗಲ್ಲ. ಸಾರು ಕಾಯಿಸಲು ಬಹಳ ಚೆಂದ. ಚಾಕು ಮಾಡಿದರೆ ಎರಡು ಟೊಮೆಟೊಗೇ ಮೊಂಡು.

ಈಗ ಹೆಸರುಗಳು. ಕ್ರೋಮಿಯಂ ಕನಿಷ್ಠ 10.5% ಇದ್ದರೆ ಸ್ಟೇನ್‌ಲೆಸ್ ಅನ್ನುತ್ತಾರೆ. ಆ ಕ್ರೋಮಿಯಂ ಗಾಳಿಯ ಜೊತೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಗೀರಿದರೂ ಪೊರೆ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ತುಕ್ಕು ತಡೆಯುವುದು ಅದೇ. ಗಟ್ಟಿತನ ಕೊಡುವುದು ಕಾರ್ಬನ್. 440 ಅನ್ನುವುದು ಒಂದು ಕುಟುಂಬ, ಅದರಲ್ಲಿ ಎ, ಬಿ, ಸಿ ಅಂತ ಮೂರು. ಮೂರರಲ್ಲೂ ಕ್ರೋಮಿಯಂ 16ರಿಂದ 18%. ವ್ಯತ್ಯಾಸ ಇರುವುದು ಕಾರ್ಬನ್‌ನಲ್ಲಿ: 440ಎಯಲ್ಲಿ 0.60–0.75%, 440ಬಿಯಲ್ಲಿ 0.75–0.95%, 440ಸಿಯಲ್ಲಿ 0.95–1.20%. ಬರೀ '440' ಅಂತ ಬರೆದಿದ್ದರೆ ಎ ಅಂತಲೇ ಲೆಕ್ಕ ಹಾಕಿ. ಸಿ ಹಾಕಿದವನು ಸಿ ಬರೆಯದೆ ಬಿಡುತ್ತಾನಾ?

ನೀವು ನೋಡಿದ 9ಸಿಆರ್18 ಚೀನಾದ ಹೆಸರಿಡುವ ಕ್ರಮ. ಮೊದಲ ಅಂಕಿ ಕಾರ್ಬನ್, ಅಂದರೆ ಸುಮಾರು 0.9%. ಸಿಆರ್ ಅಂದರೆ ಕ್ರೋಮಿಯಂ, 18%. ಹೆಚ್ಚೂಕಡಿಮೆ 440ಸಿಯ ದಾಯಾದಿ. ಹಾಗೆಯೇ 3ಸಿಆರ್13 ಕಂಡರೆ 0.3% ಕಾರ್ಬನ್, ಬಹಳ ಮೆತ್ತಗೆ. ಇದೊಂದು ಗೊತ್ತಿದ್ದರೆ ಅರ್ಧ ಜಾಹೀರಾತುಗಳನ್ನು ನೀವೇ ಓದಿಕೊಳ್ಳಬಹುದು.

440ಸಿಯನ್ನು ಸರಿಯಾಗಿ ಹದ ಮಾಡಿದರೆ ಗಟ್ಟಿತನ ಅಳೆಯುವ ರಾಕ್‌ವೆಲ್ ಸಿ ಅಳತೆಯಲ್ಲಿ 58ರಿಂದ 60 ಬರುತ್ತದೆ. ಬಾಲ್ ಬೇರಿಂಗ್‌ಗೆ, ವಾಲ್ವ್ ಭಾಗಗಳಿಗೆ ಬಳಸುವ ಉಕ್ಕು ಇದು, ಸವೆತ ತಡೆಯುವುದೇ ಇದರ ಗುಣ. ಆದರೆ ಹದ ಕೆಟ್ಟರೆ 440ಸಿ ಅಂತ ಕೆತ್ತಿದ ಚಾಕೂ ತಗಡೇ. ಇದು ಹೊಸ ಕಥೆ ಅಲ್ಲ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಸುಮಾರು 13% ಕ್ರೋಮಿಯಂ ಇರುವ ಉಕ್ಕು ಮಾಡಿದರು. ಅವರು ಹುಡುಕುತ್ತಿದ್ದುದು ಬಂದೂಕಿನ ನಳಿಗೆಗೆ. ಚಾಕು ಮಾಡಿಸಲು ಹೋದಾಗ ಮೊದಮೊದಲು ಹದ ಸಿಗದೆ, ಕತ್ತರಿಸದ ಚಾಕು ಕಂಡುಹಿಡಿದವನು ಅಂತ ಊರಿನವರೇ ಆಡಿಕೊಂಡರಂತೆ.

ಮೂಡಿಗೆರೆ ಬೆಳೆಗಾರ:
ತುಂಬಾ ಥ್ಯಾಂಕ್ಸ್ ಸಾರ್. ಒಂದು ಡೌಟು. 16–18% ಕ್ರೋಮಿಯಂ ಇದ್ದರೂ ನಮ್ಮ ಭಾವನ 440ಸಿ ಚಾಕುವಿನ ಮೇಲೆ ಚುಕ್ಕೆ ಚುಕ್ಕೆ ತುಕ್ಕು ಬಂದಿದೆ. ಚರ್ಮದ ಒರೆಯಲ್ಲೇ ಇಟ್ಟಿದ್ದರು. ನಕಲಿ ಮಾಲಾ?

ಹಾಸನ, ಟೂಲ್‌ರೂಮ್ ಕೆಲಸದವನು:
ಅಷ್ಟಕ್ಕೇ ನಕಲಿ ಅನ್ನಲಾಗದು. ಎರಡು ಕಾರಣ. ಒಂದು, ಕಾರ್ಬನ್ ಜಾಸ್ತಿ ಇದ್ದಷ್ಟೂ ಅದು ಕ್ರೋಮಿಯಂ ಅನ್ನು ಹಿಡಿದು ಗಟ್ಟಿ ಕಣಗಳಾಗಿ ಕೂರುತ್ತದೆ. ಹಾಗೆ ಸಿಕ್ಕಿಹಾಕಿಕೊಂಡ ಕ್ರೋಮಿಯಂ ಪೊರೆ ಕಟ್ಟಲು ಬರುವುದಿಲ್ಲ. ಅದಕ್ಕೇ 440ಸಿಗಿಂತ 440ಎಗೆ ತುಕ್ಕು ಕಡಿಮೆ. ಡಿ2 ಅಂತ ಒಂದು ಸ್ಟೀಲ್ ಮಾರುತ್ತಾರೆ, ಕಾರ್ಬನ್ 1.5%, ಕ್ರೋಮಿಯಂ 12%. ಲೆಕ್ಕದಲ್ಲಿ ಸ್ಟೇನ್‌ಲೆಸ್ ಅನ್ನಿಸಬೇಕು, ಆದರೆ ನಮ್ಮ ಮಳೆಗೆ ಖಂಡಿತ ಕೆಂಪಾಗುತ್ತದೆ. ತೋಟಕ್ಕೆ ಡಿ2 ತಗೊಳ್ಳಬೇಡಿ.

ಎರಡನೆಯದು ಆ ಒರೆ. ಚರ್ಮ ನೀರು ಹೀರಿಕೊಂಡು ಬಿಡುವುದೇ ಇಲ್ಲ, ಚರ್ಮ ಹದ ಮಾಡುವಾಗಿನ ಉಪ್ಪಿನಂಶವೂ ಅದರಲ್ಲಿ ಉಳಿದಿರಬಹುದು. ಪೊರೆ ಒಡೆಯುವುದರಲ್ಲಿ ಉಪ್ಪಿಗಿಂತ ಕೆಟ್ಟದ್ದಿಲ್ಲ. ಒಡೆದ ಜಾಗದಲ್ಲಿ ತುಕ್ಕು ಚುಕ್ಕೆಯಾಗಿ ಒಳಗೆ ಕೊರೆಯುತ್ತದೆ. ಹೊರಗೆ ಹೋಗುವಾಗ ಒರೆ ಇರಲಿ. ಮನೆಗೆ ಬಂದ ಮೇಲೆ ಚಾಕು ತೊಳೆದು ಒರೆಸಿ, ಒರೆಯಿಂದ ಹೊರಗಿಡಿ.

ಕೊಪ್ಪದ ಅಡಿಕೆ ಬೆಳೆಗಾರ:
ಇಷ್ಟೆಲ್ಲ ಯಾಕೆ? ಕಬ್ಬಿಣದ ಚಾಕುವಿಗೆ ತುಕ್ಕು ಬಂದರೆ ಉಜ್ಜಿದರಾಯಿತು. ಕೊಬ್ಬರಿ ಎಣ್ಣೆ ಸವರಿ ಒಲೆ ಪಕ್ಕದ ಬೆಚ್ಚಗಿನ ಜಾಗದಲ್ಲಿಡಿ. ನಮ್ಮ ಮನೆಯ ಮೆಟ್ಟುಗತ್ತಿ ಅಜ್ಜನ ಕಾಲದ್ದು, ಇನ್ನೂ ಅಡಿಕೆ ಸುಲಿಯುತ್ತಿದೆ. ಅದರ ಹರಿತಕ್ಕೆ ಬರುವ ಸ್ಟೇನ್‌ಲೆಸ್ ನಾನಂತೂ ನೋಡಿಲ್ಲ.

ಚಿಕ್ಕಮಗಳೂರು, ಹೋಂಸ್ಟೇ ಅಡುಗೆಯವಳು:
ಅಣ್ಣ, ಒಲೆ ಪಕ್ಕ ಇಡಲು ಈಗ ಎಷ್ಟು ಮನೆಯಲ್ಲಿ ಸೌದೆ ಒಲೆ ಇದೆ ಹೇಳಿ! ಅಲ್ಲದೆ ಕಬ್ಬಿಣದ ಚಾಕುವಲ್ಲಿ ಬಾಳೆಕಾಯಿ, ಬಾಳೆದಿಂಡು, ಮಾವಿನಕಾಯಿ ಹೆಚ್ಚಿದರೆ ಕಪ್ಪಾಗುತ್ತದೆ. ನಮ್ಮ ಮನೆಗಾದರೆ ನಡೆಯುತ್ತದೆ, ಗೆಸ್ಟ್ ತಟ್ಟೆಗೆ ಹಾಕಲು ಮನಸ್ಸು ಬರಲ್ಲ.

ಕೇಳಿದವರಿಗೆ ನನ್ನ ಮಾತು: ಅಡುಗೆಮನೆಗೆ 440ಸಿ ಬೇಡ. ಅಲ್ಲಿಗೆ ಮೆತ್ತಗಿನ ಜರ್ಮನ್ ಸ್ಟೀಲ್ ಸಾಕು. ಎಕ್ಸ್50ಸಿಆರ್‌ಎಂಒವಿ15 ಅಂತ ಅಲಗಿನ ಮೇಲೆ ಬರೆದಿರುತ್ತದೆ, 1.4116 ಅಂತಲೂ ಇರುತ್ತದೆ. ಅರ್ಧ ಪರ್ಸೆಂಟ್ ಕಾರ್ಬನ್, 15 ಪರ್ಸೆಂಟ್ ಕ್ರೋಮಿಯಂ. ಗಟ್ಟಿತನ 55–57 ಅಷ್ಟೇ. ಹರಿತ ಬೇಗ ಇಳಿಯುತ್ತದೆ, ಒಪ್ಪಿದೆ. ಆದರೆ ಇಳಿದದ್ದು ಬರಿಸುವುದು ಸುಲಭ. ಉಕ್ಕಿನ ಕಡ್ಡಿಯ ಮೇಲೆ ನಾಲ್ಕು ಸಲ ಎಳೆದರೆ ಮತ್ತೆ ಈರುಳ್ಳಿ ಸರಾಗ. ಅಡುಗೆಮನೆಯಲ್ಲಿ ಚಾಕು ಒಬ್ಬರ ಕೈಯಲ್ಲಿ ಇರಲ್ಲ. ಒಬ್ಬಳು ತೆಂಗಿನ ಚಿಪ್ಪಿಗೆ ಹಾಕುತ್ತಾಳೆ, ಇನ್ನೊಬ್ಬ ಕೋಳಿ ಮೂಳೆಗೆ ಹೊಡೆಯುತ್ತಾನೆ. ಮೆತ್ತಗಿನ ಬಾಯಿ ಬಾಗುತ್ತದೆ, ಗಟ್ಟಿ ಬಾಯಿಗೆ ಹಲ್ಲು ಬೀಳುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡಬಹುದು. ಹಲ್ಲು ಬಿದ್ದರೆ ಅಷ್ಟೂ ಸವೆಸಿ ತೆಗೆಯಬೇಕು.

ನಮ್ಮಲ್ಲಿಗೆ ಬಂದ ಗೆಸ್ಟ್ ಒಬ್ಬರು ವಿಜಿ-10 ಅನ್ನುವ ಗಟ್ಟಿ ಸ್ಟೀಲಿನ ಜಪಾನಿ ಚಾಕು ಉಡುಗೊರೆ ಕೊಟ್ಟು ಹೋದರು. ಎಂಥಾ ಹರಿತ ಅಂತೀರಿ, ಟೊಮೆಟೊ ಹಾಳೆ ಹಾಳೆಯಾಗಿ ಬೀಳುತ್ತದೆ. ಆದರೆ ಅದನ್ನು ನಾನು ಯಾರ ಕೈಗೂ ಕೊಡಲ್ಲ. ಫ್ರೀಜರ್ ಮಾಂಸಕ್ಕೆ ತಾಗಿಸಿದರೆ ಮುಗಿಯಿತು ಅದರ ಕಥೆ.

ಮತ್ತೆ, ಏನೇ ತಗೊಂಡರೂ ಡಿಶ್‌ವಾಷರ್‌ಗೆ ಹಾಕಬೇಡಿ. ನಿಂಬೆಹುಳಿ, ಉಪ್ಪಿನಕಾಯಿ ರಸ ಮೆತ್ತಿದ ಚಾಕು ಸಿಂಕಲ್ಲಿ ರಾತ್ರಿ ಕಳೆಯಬಾರದು. ಹಲಸಿನಕಾಯಿ ಮೇಣಕ್ಕೆ ಮಾತ್ರ ಯಾವ ಸ್ಟೀಲೂ ಉತ್ತರ ಅಲ್ಲ, ಕೊಬ್ಬರಿ ಎಣ್ಣೆಯೇ ಸವರಬೇಕು.

ಕೊಪ್ಪದ ಅಡಿಕೆ ಬೆಳೆಗಾರ:
ಮೇಣದ ವಿಷಯದಲ್ಲಿ ಒಪ್ಪಿದೆ ಅಕ್ಕ. ಉಳಿದದ್ದು ಆಮೇಲೆ ಮಾತಾಡೋಣ.

ಆಲ್ದೂರು, ನರ್ಸರಿ ನಡೆಸುವವರು:
ಕಸಿ ಅಂದಿದ್ದೀರಲ್ಲ, ಅದಕ್ಕೆ ಬೇರೆಯೇ ಚಾಕು ಇಟ್ಟುಕೊಳ್ಳಿ. ನಾವು ಬ್ರೆಜಿಲ್ ಹಿಪ್ಪಲಿ ಗಿಡಕ್ಕೆ ಮೆಣಸು ಕಸಿ ಕಟ್ಟುತ್ತೇವೆ. ಕಸಿ ಚಾಕು ಒಂದೇ ಬದಿಗೆ ಮಸೆದದ್ದಿರಬೇಕು, ಆಗ ಸೀಳು ನೆಟ್ಟಗೆ ಬರುತ್ತದೆ. ಹಗ್ಗ ಕತ್ತರಿಸಿದ ಬಾಯಲ್ಲಿ ಕಸಿ ಮಾಡಿದರೆ ತೊಗಟೆ ಜಜ್ಜಿ ಹೋಗುತ್ತದೆ, ಜಜ್ಜಿದ್ದು ಕೂಡಿಕೊಳ್ಳಲ್ಲ.

ಮುಖ್ಯವಾದದ್ದು ಇದು. ರೋಗ ಹರಡಬಾರದು ಅಂತ ಗಿಡದಿಂದ ಗಿಡಕ್ಕೆ ಹೋಗುವಾಗ ಚಾಕು ಒರೆಸಬೇಕು. ತುಂಬಾ ಜನ ಬ್ಲೀಚಿಂಗ್ ನೀರಿನಲ್ಲಿ ಅದ್ದುತ್ತಾರೆ. ಅದರ ಕ್ಲೋರಿನ್ ಸ್ಟೇನ್‌ಲೆಸ್‌ಗೂ ಶತ್ರು, ಕೆಲವೇ ದಿನಕ್ಕೆ ಬಾಯಲ್ಲಿ ಗುಳಿ ಬೀಳುತ್ತದೆ. 70% ಸ್ಪಿರಿಟ್ ಬಟ್ಟೆಗೆ ಹಾಕಿ ಒರೆಸಿ. ಚಾಕುವಿಗೆ ಏನೂ ಆಗಲ್ಲ.

ಸ್ಟೀಲ್ ಕೇಳಿದರೆ ನನ್ನ ಓಟು 14ಸಿ28ಎನ್‌ಗೆ. ಸ್ವೀಡನ್ನಿನ ಸ್ಟೀಲ್. ಕಾರ್ಬನ್ 0.62%, ಕ್ರೋಮಿಯಂ 14%, ಜೊತೆಗೆ 0.11% ನೈಟ್ರೋಜನ್.

ಸಕಲೇಶಪುರ ಕಡೆಯವರು:
ಕ್ರೋಮಿಯಂ 440ಸಿಗಿಂತ ಕಡಿಮೆ ಆಯಿತಲ್ಲ, ತುಕ್ಕು ಜಾಸ್ತಿ ಬರಬೇಕಲ್ವಾ?

ಹಾಸನ, ಟೂಲ್‌ರೂಮ್ ಕೆಲಸದವನು:
ಇಲ್ಲ. ನರ್ಸರಿಯವರು ಸರಿಯಾಗಿ ಹೇಳಿದ್ದಾರೆ. ಕಾರ್ಬನ್ ಕಡಿಮೆ ಇರುವುದರಿಂದ ಕ್ರೋಮಿಯಂ ಸಿಕ್ಕಿಹಾಕಿಕೊಳ್ಳುವುದೂ ಕಡಿಮೆ, ಪೊರೆ ಕಟ್ಟಲು ಜಾಸ್ತಿ ಉಳಿಯುತ್ತದೆ. ಕಾರ್ಬನ್ ಕಡಿಮೆಯಾದ ಕೊರತೆಯನ್ನು ಒಂದಿಷ್ಟು ನೈಟ್ರೋಜನ್ ತುಂಬುತ್ತದೆ, ಅದು ತುಕ್ಕಿಗೂ ಒಳ್ಳೆಯದೇ. ಇನ್ನೊಂದು ಲಾಭ, ಕಣಗಳು ನುಣ್ಣಗೆ. 440ಸಿಯಲ್ಲಿ ದಪ್ಪ ಕಣಗಳು ಹಗ್ಗ, ರಟ್ಟು ಕತ್ತರಿಸುವಾಗ ಸವೆತ ತಡೆಯುತ್ತವೆ. ಆದರೆ ಬಾಯಿ ತೀರಾ ತೆಳ್ಳಗೆ ಮಸೆದರೆ ಅವೇ ಕಿತ್ತು ಬರುತ್ತವೆ. ನುಣ್ಣನೆಯ ಕಣ ಇದ್ದರೆ ತೆಳು ಬಾಯಿ ನಿಲ್ಲುತ್ತದೆ. ಕಸಿಗೆ ಬೇಕಾದದ್ದು ಅದೇ ತಾನೇ? ನಮ್ಮ ಮಳೆಗೆ, ನಮ್ಮ ಕೆಲಸಕ್ಕೆ ನಾನೂ 440ಸಿ ಬಿಟ್ಟು ಇದನ್ನೇ ಆರಿಸುತ್ತೇನೆ. ದಿನವಿಡೀ ಬರೀ ಹಗ್ಗ, ರಟ್ಟು ಕತ್ತರಿಸುವವರಿಗೆ ಮಾತ್ರ 440ಸಿ ಮುಂದು.

ಮೂಡಿಗೆರೆ ಬೆಳೆಗಾರ:
ಮಸೆಯುವುದು ಹೇಗೆ? ಸಂತೆಗೆ ಸಾಣೆ ಹಿಡಿಯುವವರು ಬರುತ್ತಾರೆ, ಅವರಿಗೆ ಕೊಡಬಹುದಾ?

ಬೇಲೂರು ಕಡೆಯವರು:
ದಯವಿಟ್ಟು ಕೊಡಬೇಡಿ. ಒಬ್ಬರ ಹತ್ತಿರ ನನ್ನ ಚಾಕು ಕೊಟ್ಟಿದ್ದೆ. ಒಣ ಚಕ್ರಕ್ಕೆ ಒತ್ತಿ ಹಿಡಿದರು, ಕಿಡಿ ಹಾರಿತು, ಬಾಯಿ ನೀಲಿಯಾಯಿತು. ಅವತ್ತು ಬಹಳ ಹರಿತ ಇತ್ತು. ಆಮೇಲೆ ನಿಲ್ಲಲೇ ಇಲ್ಲ.

ಹಾಸನ, ಟೂಲ್‌ರೂಮ್ ಕೆಲಸದವನು:
ನೀಲಿ ಬಂದರೆ ಸುಮಾರು 300 ಡಿಗ್ರಿ ಅಥವಾ ಅದಕ್ಕೂ ಮೇಲೆ ಹೋಗಿದೆ ಅಂತ. 200ರೊಳಗೆ ಮಾಡಿದ ಹದ ಅಲ್ಲಿಗೆ ಕೆಟ್ಟಿತು. ಆ ನೀಲಿ ಭಾಗವನ್ನಷ್ಟೂ ನಿಧಾನಕ್ಕೆ ನೀರು ಹಾಕಿ ಸವೆಸಿ ತೆಗೆದರೆ ಒಳಗಿನ ಒಳ್ಳೆಯ ಉಕ್ಕು ಸಿಗುತ್ತದೆ, ಚಾಕು ಬಿಸಾಡಬೇಡಿ. ನೀರು ಬೀಳುವ ನಿಧಾನದ ಚಕ್ರ ಆದರೆ ಪರವಾಗಿಲ್ಲ.

ಮನೆಯಲ್ಲೇ ಮಾಡುವುದಾದರೆ ಎರಡು ಮುಖದ ಕಲ್ಲು ತಗೊಳ್ಳಿ, ಒಂದು ಕಡೆ 400 ಗ್ರಿಟ್ (ಒರಟು), ಇನ್ನೊಂದು ಕಡೆ 1000 ಗ್ರಿಟ್ (ನುಣುಪು) ಇದ್ದರೆ ಸಾಕು. ಬಾಯಿಯನ್ನು ಕಲ್ಲಿನಿಂದ 15ರಿಂದ 20 ಡಿಗ್ರಿ ಎತ್ತಿ ಹಿಡಿಯಿರಿ. ಕೋನ ಎಷ್ಟು ಅನ್ನುವುದಕ್ಕಿಂತ ಅದು ಅಲುಗಾಡಬಾರದು ಅನ್ನುವುದು ಮುಖ್ಯ. ಹೊಸಬರು ಬಾಯಿಗೆ ಮಾರ್ಕರ್ ಪೆನ್ ಬಳಿದು ಮಸೆಯಿರಿ, ಬಣ್ಣ ಎಲ್ಲಿ ಹೋಯಿತು ನೋಡಿದರೆ ಕೋನ ಗೊತ್ತಾಗುತ್ತದೆ. ಒಂದು ಬದಿ ಮಸೆದಾಗ ಉಕ್ಕಿನ ತೆಳು ಅಂಚು ಎದುರು ಬದಿಗೆ ಮಡಚಿಕೊಂಡು ಸಣ್ಣ ಗೊರಕಾಗಿ ಬೆರಳಿಗೆ ತಾಗುತ್ತದೆ. ಅದು ಉದ್ದಕ್ಕೂ ಬಂದ ಮೇಲೆಯೇ ತಿರುಗಿಸಿ. ಕೊನೆಗೆ ಆ ಗೊರಕನ್ನು ಹಗುರ ಕೈಯಲ್ಲಿ ತೆಗೆಯಬೇಕು. ಸ್ಟೇನ್‌ಲೆಸ್‌ನಲ್ಲಿ ಇದು ಅಂಟಿಕೊಂಡೇ ಇರುತ್ತದೆ. ಅದನ್ನು ಬಿಟ್ಟೇ ತುಂಬಾ ಜನ ಸ್ಟೀಲ್ ಸರಿ ಇಲ್ಲ ಅನ್ನುತ್ತಾರೆ. 440ಸಿಗೆ ಡೈಮಂಡ್ ಪ್ಲೇಟ್ ಇದ್ದರೆ ಕೆಲಸ ಬೇಗ ಆಗುತ್ತದೆ.

ಬೇಲೂರು ಕಡೆಯವರು:
ನಕಲಿ ಪತ್ತೆಗೆ ಏನಾದರೂ ದಾರಿ ಇದೆಯಾ? ಮ್ಯಾಗ್ನೆಟ್ ಹಿಡಿದರೆ ಸಾಕು ಅನ್ನುತ್ತಾರೆ.

ಹಾಸನ, ಟೂಲ್‌ರೂಮ್ ಕೆಲಸದವನು:
ಮ್ಯಾಗ್ನೆಟ್ ಹಿಡಿಯದಿದ್ದರೆ 304 ತರಹದ್ದು, ಬೇಡ ಅಂತ ಹೇಳಬಹುದು. ಹಿಡಿದರೆ ಏನೂ ಹೇಳಿದಂತಾಗಲಿಲ್ಲ. 430 ಅನ್ನುವ ಅಗ್ಗದ ಸ್ಟೀಲೂ ಹಿಡಿಯುತ್ತದೆ, ಅದೂ ಗಟ್ಟಿಯಾಗಲ್ಲ. ಹೊಸ ಅರ ಒಂದು ತಗೊಂಡು ಹಿಡಿಕೆಯ ಹತ್ತಿರ, ಬಾಯಿಯ ಮೂಲೆಯಲ್ಲಿ ಮೆಲ್ಲಗೆ ಎಳೆಯಿರಿ. 58–60 ಇದ್ದರೆ ಅರ ಜಾರುತ್ತದೆ. ಸಲೀಸಾಗಿ ಕಚ್ಚಿ ಪುಡಿ ಬಂದರೆ ಮೆತ್ತಗಿದೆ ಅಂತ. ಯಾವ ಸ್ಟೀಲ್ ಅಂತ ಇದರಿಂದ ತಿಳಿಯುವುದಿಲ್ಲ, ಹದ ಆಗಿದೆಯಾ ಇಲ್ಲವಾ ತಿಳಿಯುತ್ತದೆ. ಮತ್ತೆ, ಅಲಗಿನ ಮೇಲೆ ಅಲೆ ಅಲೆ ಡಿಸೈನ್ ಇರುವ ಅಗ್ಗದ 'ಡಮಾಸ್ಕಸ್' ಬಹುತೇಕ ಮೇಲೆ ಅಚ್ಚು ಹೊಡೆದ ಚಿತ್ರ ಅಷ್ಟೇ.

ಮೂಡಿಗೆರೆ ಬೆಳೆಗಾರ:
ಎಲ್ಲರಿಗೂ ಧನ್ಯವಾದ. ಒಂದೇ ಚಾಕುವಿನ ಆಸೆ ಬಿಟ್ಟೆ. ಜೇಬಿಗೆ 14ಸಿ28ಎನ್, ಅಡುಗೆಮನೆಗೆ ಅಕ್ಕ ಹೇಳಿದ ಜರ್ಮನ್ ಸ್ಟೀಲ್, ಕಸಿಗೆ ಬೇರೆ. ಕತ್ತಿ ಹೇಗೂ ನಮ್ಮ ಕಮ್ಮಾರರದ್ದೇ. ಅಡುಗೆಮನೆಗೆ ತರುವ ಉಕ್ಕಿನ ಕಡ್ಡಿಯನ್ನೇ ಜೇಬಿನ ಚಾಕುವಿಗೂ ಬಳಸಬಹುದಾ?

ಚಿಕ್ಕಮಗಳೂರು, ಹೋಂಸ್ಟೇ ಅಡುಗೆಯವಳು:
ಬೇಡ ಅಣ್ಣ. ಗೀರು ಗೀರು ಇರುವ ಕಡ್ಡಿ ಮೆತ್ತಗಿನ ಚಾಕುವಿಗೆ ಮಾತ್ರ. ಗಟ್ಟಿ ಚಾಕುವಿಗೆ ಬಿಳಿ ಸೆರಾಮಿಕ್ ಕಡ್ಡಿ ಬರುತ್ತದೆ, ಅದನ್ನು ತಗೊಳ್ಳಿ. ಎರಡಕ್ಕೂ ಅದೊಂದೇ ಸಾಕು, ಉಕ್ಕಿನದು ತರಲೇಬೇಡಿ. ಸೆರಾಮಿಕ್ ಕಡ್ಡಿ ಕೆಳಗೆ ಬೀಳಿಸಿದರೆ ಒಡೆಯುತ್ತದೆ, ಮಕ್ಕಳಿಗೆ ಸಿಗದ ಹಾಗೆ ಇಡಿ.