ಡ್ರಿಪ್ಪಿನ ದಿನಕ್ಕಿಂತ ಅದರ ಹಿಂದಿನ ವಾರ

ಪುಟ್ಟೀ, ಬೆಳಿಗ್ಗೆ ನೀನು ಗ್ರೂಪಲ್ಲಿ ಹಾಕಿದ್ದನ್ನ ಈಗ ನೋಡಿದೆ ಕಣೇ. ಸೋಮವಾರ ಸಂಧಿವಾತದ ಔಷಧಿ ಇನ್‌ಫ್ಲಿಕ್ಸಿಮ್ಯಾಬ್‌ನ ಮೊದಲನೇ ಡ್ರಿಪ್ಪು, ಕೆಲಸ, ಮಗು, ಮನೆ ಎಲ್ಲಾ ಹೇಗೆ ತೂಗಿಸ್ಲಿ ಅಕ್ಕಾ ಅಂತ ಕೇಳಿದ್ದೀಯ. ಟೈಪ್ ಮಾಡೋಕೆ ಬೆರಳು ಇವತ್ತು ಬಗ್ತಿಲ್ಲ, ಅದಕ್ಕೇ ಬಾಯಲ್ಲೇ ಹೇಳ್ತೀನಿ.

ನಿಂದೇ ರುಮಟಾಯ್ಡ್ ಸಂಧಿವಾತ ನಂದೂ, ಔಷಧಿನೂ ಅದೇ. ಮೊದಲ ಡ್ರಿಪ್ಪು ಆದ್ಮೇಲೆ 2ನೇ ವಾರ, 6ನೇ ವಾರ, ಆಮೇಲೆ 8 ವಾರಕ್ಕೊಂದು. ನಾನೂ ಡ್ರಿಪ್ಪಿನ ದಿನಕ್ಕೇ ಹೆದರ್ತಿದ್ದೆ. ಆದ್ರೆ ನನ್ನನ್ನ ನಿಜವಾಗಿ ಹಣ್ಣು ಮಾಡಿದ್ದು ಮುಂದಿನ ಡ್ರಿಪ್ಪಿಗೆ ಮುಂಚಿನ ವಾರ. ಔಷಧಿಯ ಬಲ ಆಗ ಇಳೀತಾ ಬರತ್ತೆ. ನಲ್ಲಿ ತಿರುಗಿಸೋಕೆ ಎರಡೂ ಅಂಗೈ ಒತ್ತಬೇಕು. ಒಂದಿನ ಮಗನ ಅಂಗಿ ಗುಂಡಿ ಹಾಕ್ತಾ ಹಾಕ್ತಾ ಎರಡನೇದಕ್ಕೇ ಕೈ ನಿಂತುಬಿಡ್ತು. ಅವನು ಏನೂ ಅನ್ನದೆ ನನ್ನ ಬೆರಳನ್ನ ಮೆಲ್ಲಗೆ ಸರಿಸಿ ಉಳಿದಿದ್ದನ್ನ ತಾನೇ ಹಾಕ್ಕೊಂಡ.

ಒಂದು ವರ್ಷ ಇದನ್ನ ಯಾರಿಗೂ ಹೇಳ್ಲಿಲ್ಲ, ನಂದೇ ಸೋಮಾರಿತನ ಅಂದ್ಕೊಂಡೆ. ಆಮೇಲೆ ಕ್ಯಾಲೆಂಡರಿನಲ್ಲಿ ದಿನಾ ಬೆಳಿಗ್ಗೆ ಬಿಗಿತ ಎಷ್ಟು ನಿಮಿಷ ಇತ್ತು ಅಂತ ಬರೆದು ಡಾಕ್ಟರಿಗೆ ತೋರಿಸ್ದೆ. ನೋಡಿ ಎರಡು ಡ್ರಿಪ್ಪಿನ ನಡುವಿನ ಅಂತರ ಕಡಿಮೆ ಮಾಡಿದ್ರು. ಪೂರ್ತಿ ಹೋಗಿಲ್ಲ, ಆದ್ರೆ ಒಂದು ವಾರ ಇದ್ದದ್ದು ಈಗ ಎರಡು ದಿನ. ನೀನು ಸೋಮವಾರದಿಂದಲೇ ಬರಿ. ಆಫೀಸಿನ ಭಾರದ ಕೆಲಸ, ಮನೆಯ ದೊಡ್ಡ ಕೆಲಸ ಎಲ್ಲಾ ಡ್ರಿಪ್ಪು ಆದ ನಂತರದ ಒಳ್ಳೇ ವಾರಗಳಿಗೆ ಹಾಕ್ಕೋ.

ಡ್ರಿಪ್ಪಿನ ದಿನ ಪೂರ್ತಿ ರಜ ಹಾಕು. ಮೊದಮೊದಲು ಔಷಧಿ ಇಳಿಯೋದಕ್ಕೇ 2 ಗಂಟೆ, ಆಮೇಲೆ ಇನ್ನೂ ಒಂದೆರಡು ಗಂಟೆ ಕೂರಿಸಿ ನೋಡ್ತಾರೆ. ನೀರು ಚೆನ್ನಾಗಿ ಕುಡಿದು, ಕೈ ಬೆಚ್ಚಗಿಟ್ಕೊಂಡು ಹೋಗು, ನರ ಬೇಗ ಸಿಗತ್ತೆ. ಸೂಜಿ ಎಡಗೈಗೆ ಕೇಳು. ಅಲರ್ಜಿ ಮಾತ್ರೆ ಕೊಟ್ರೆ ತೂಕಡಿಕೆ ಬರತ್ತೆ, ನೀನೇ ಗಾಡಿ ಓಡಿಸ್ಬೇಡ.

ಇನ್ನೊಂದು, ಇದನ್ನ ಎರಡು ಸಲ ಕೇಳಿಸ್ಕೋ. ತುರಿಕೆ, ಎದೆ ಹಿಡಿದ ಹಾಗೆ, ಚಳಿ, ಉಸಿರು ಕಟ್ಟೋದು, ಏನೇ ಆದ್ರೂ ತಕ್ಷಣ ನರ್ಸನ್ನ ಕೂಗು. ನನಗೆ ಎರಡನೇ ಸಲ ಕತ್ತು ಬಿಸಿಯಾಯ್ತು, ಪಾಪ ಅವರು ಬ್ಯುಸಿ ಇದಾರೆ ಅಂತ ಸುಮ್ನಿದ್ದೆ. ನರ್ಸೇ ನನ್ನ ಮುಖ ಕೆಂಪಾಗಿದ್ದು ನೋಡಿ ಓಡಿಬಂದು ಡ್ರಿಪ್ಪು ನಿಲ್ಲಿಸಿದ್ರು. ಕೆಂಪು ಇಳಿದ ಮೇಲೆ ನಿಧಾನಕ್ಕೆ ಮತ್ತೆ ಶುರು ಮಾಡಿದ್ರು. ಸುಮ್ನಿರಬಾರದಿತ್ತು ಪುಟ್ಟಿ.

ಕ್ಷಯದ ಪರೀಕ್ಷೆ ಯಾಕೆ ಅಂತ ಗಾಬರಿ ಆಗಿದ್ಯಲ್ಲ, ಈ ಔಷಧಿ ಶುರು ಮಾಡೋ ಎಲ್ಲರಿಗೂ ಮಾಡಿಸ್ತಾರೆ. ಔಷಧಿ ರೋಗನಿರೋಧಕ ಶಕ್ತಿ ತಗ್ಗಿಸೋದ್ರಿಂದ ಮೈಯೊಳಗೆ ಮಲಗಿರೋ ಸೋಂಕು ಎದ್ದುಬಿಡಬಹುದು ಅಂತ. ಹಾಗೇ 100.4 ಡಿಗ್ರಿ ಜ್ವರ ಬಂತು ಅಂದ್ರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡು. ಸರದಿ ತಪ್ಪೋಗತ್ತೆ ಅಂತ ಜ್ವರ ಮುಚ್ಚಿಟ್ಟು ಡ್ರಿಪ್ಪಿಗೆ ಹೋಗ್ಬೇಡ.

ಅತ್ತಿಗೆ, ನೀವೂ ಕೇಳ್ತಿರ್ತೀರಿ. ಅವಳು ಮಲಗಿದಾಗ "ನೋಡೋಕೆ ಚೆನ್ನಾಗೇ ಇದ್ಯಲ್ಲ" ಅಂತ ಮಾತ್ರ ಅನ್ಬೇಡಿ. ನನಗೆ ಆ ಮಾತು ಸೂಜಿಗಿಂತ ಚುಚ್ಚಿದೆ.

ಸೋಮವಾರ ಎಷ್ಟೊತ್ತಿಗೆ ಹೊರಡ್ತೀಯ ಹೇಳು. ಮಗೂನ ಸ್ಕೂಲಿಂದ ನಾನು ಕರ್ಕೊಂಡು ಬರ್ತೀನಿ, ರಾತ್ರಿ ನಮ್ಮನೇಲೇ ಮಲಗ್ಲಿ.