ಹೆರಿಂಗ್‌ಬೋನ್ ಮೇಲೆ ದಾರ ಹೆಣೆಯುವುದನ್ನು ಕಲಿತವರು ಅನುಭವ ಹಂಚಿಕೊಳ್ಳಿ

ತೀರ್ಥಹಳ್ಳಿಯಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನಗೆ ಸರಪಳಿ ಹೊಲಿಗೆ, ಫೆದರ್, ಹೆರಿಂಗ್‌ಬೋನ್ (ಓರೆ ದಾರಗಳು ಒಂದನ್ನೊಂದು ಅಡ್ಡ ದಾಟುತ್ತಾ ಸಾಗುವ ಹೊಲಿಗೆ) ಬರುತ್ತವೆ. ಹೆರಿಂಗ್‌ಬೋನ್ ಸಾಲು ಹಾಕಿಕೊಂಡು, ಅದರ ಮೇಲೆ ಬೇರೆ ಬಣ್ಣದ ದಾರವನ್ನು ಬಟ್ಟೆಗೆ ಚುಚ್ಚದೆ ಹೆಣೆಯುತ್ತಾರಲ್ಲ, ನಮ್ಮ ಕಡೆ ಕಚ್ ವರ್ಕ್ ಎಂದು ಕರೆಯುವ ಆ ಕೆಲಸವನ್ನು ಕಲಿತು, ತಂಗಿಯ ಮದುವೆಗೆ ಕೆನೆಬಣ್ಣದ ಹತ್ತಿ ಸೀರೆಯ ಸೆರಗಿಗೆ ಹಾಕಬೇಕೆಂದಿದ್ದೇನೆ. ಮದುವೆ ಮಾಘದಲ್ಲಿ. ಮನೆಯಲ್ಲಿ ಪ್ರಯತ್ನಿಸಿದಾಗ ಹೆಣೆದ ದಾರ ಒಂದು ಕಡೆ ಜೋಲುತ್ತದೆ, ಇನ್ನೊಂದು ಕಡೆ ಬಟ್ಟೆಯನ್ನೇ ಎಳೆದು ಸುಕ್ಕು ಮಾಡುತ್ತದೆ. ವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗಿ ತರಗತಿ ಸೇರಲೇ, ಅಥವಾ ಮನೆಯಲ್ಲೇ ಕಲಿಯಬಹುದೇ? ಕಲಿತವರು ದಯವಿಟ್ಟು ತಿಳಿಸಿ.

ಸಾಗರದಿಂದ:
ತರಗತಿ ಎಂಬ ಮಾತು ಕೇಳಿದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಶಿವಮೊಗ್ಗದ ಒಂದು ತರಗತಿಗೆ 4,500 ರೂಪಾಯಿ ಕಟ್ಟಿದೆ. ಅದರ ಮೇಲೆ ಸಾಮಗ್ರಿಯ ಚೀಲವೆಂದು 1,350 ರೂಪಾಯಿ ಪಡೆದರು. ಅದರಲ್ಲಿ ಇದ್ದದ್ದು ಒಂದು ಮರದ ರಿಂಗ್, ಒಂದು ಮೀಟರ್ ಕೇಸ್‌ಮೆಂಟ್ ಬಟ್ಟೆ, ಹಳದಿ ಕಾರ್ಬನ್ ಕಾಗದ, ಒಂದು ಪೊಟ್ಟಣ ಸೂಜಿ ಮತ್ತು ಹನ್ನೆರಡು ಲಡಿ ದಾರ. ಅದೇ ಸಾಮಾನನ್ನು ಗಾಂಧಿ ಬಜಾರಿನಲ್ಲಿ ಒಂದೊಂದಾಗಿ ಕೇಳಿ ನೋಡಿದಾಗ ಎಲ್ಲ ಸೇರಿ 700 ರೂಪಾಯಿ ದಾಟಲಿಲ್ಲ. ಮೊದಲ ವಾರಗಳೆಲ್ಲ ನಕ್ಷೆ ಅಚ್ಚು ಹಾಕುವುದರಲ್ಲೇ ಕಳೆದುಹೋದವು. ಹೆಣಿಗೆಗೆ ಬಂದಾಗ ನಮ್ಮ ಕೈಯಿಂದ ಬಟ್ಟೆ ಕಸಿದುಕೊಂಡು ಅವರೇ ನಾಲ್ಕು ಕೊಂಡಿ ಹೆಣೆದು "ಹೀಗೆ" ಎಂದು ಹಿಂದಿರುಗಿಸುತ್ತಿದ್ದರು. ಯಾಕೆ ಹಾಗೆ ಎಂದು ಕೇಳಿದರೆ ಉತ್ತರವಿರಲಿಲ್ಲ.

ನಾನು ನಿಜವಾಗಿ ಕಲಿತದ್ದು ಅತ್ತಿಗೆಯ ಹಳೆಯ ಕುಶನ್ ಕವರಿನ ಮೇಲಿದ್ದ ಒಂದು ಹೂವನ್ನು ಎಳೆ ಎಳೆಯಾಗಿ ಬಿಚ್ಚಿ. ಆಗ ತಿಳಿಯಿತು, ಹೆಣಿಗೆಯ ಸಂಗತಿಯೆಲ್ಲ ಅಡಿಯ ಸಾಲಿನಲ್ಲಿದೆ. ಅಡಿಪಾಯದ ಎರಡನೆಯ ಸಾಲು ಮೊದಲ ಸಾಲನ್ನು ಒಂದು ಕತ್ತರಿಯಲ್ಲಿ, ಅಂದರೆ ದಾರಗಳು ಅಡ್ಡ ಸೇರುವ ಜಾಗದಲ್ಲಿ, ಮೇಲಿನಿಂದ ದಾಟಿದರೆ ಮುಂದಿನ ಕತ್ತರಿಯಲ್ಲಿ ಅಡಿಯಿಂದಲೇ ದಾಟಬೇಕು. ಒಂದೇ ಒಂದು ಕಡೆ ಈ ಕ್ರಮ ತಪ್ಪಿದರೂ ಅಲ್ಲಿ ಹೆಣಿಗೆಯ ದಾರಕ್ಕೆ ಹಿಡಿತ ಸಿಗದೆ ಅದು ಜಾರಿ ಜೋಲುತ್ತದೆ. ಎಷ್ಟು ಬಿಗಿದರೂ ಸರಿಹೋಗುವುದಿಲ್ಲ. ಇದನ್ನು ಹೇಳಲು 4,500 ರೂಪಾಯಿ ಬೇಕಾಗಿರಲಿಲ್ಲ.

ಹೊಸನಗರದಿಂದ:
ಸಾಗರದ ಅಕ್ಕ ಹೇಳಿದ್ದು ನಿಜ. ನಾನಂತೂ ಯಾವ ತರಗತಿಗೂ ಹೋದವಳಲ್ಲ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಮಲೆನಾಡಿನಲ್ಲಿ ಈ ಕೆಲಸ ಮಾಡುವವರಿಗೆ ಹೊಲಿಗೆಗಿಂತ ದೊಡ್ಡ ಶತ್ರು ಮಳೆ. ಜೂನ್‌ನಲ್ಲಿ ಒಂದು ಮೇಜುಹಾಸು ಹಿಡಿದೆ. ಆಷಾಢದ ಹೊತ್ತಿಗೆ ಬಟ್ಟೆಯ ಮಡಿಕೆಗಳಲ್ಲಿ ಕಪ್ಪು ಚುಕ್ಕೆಯ ಬೂಷ್ಟು. ರಿಂಗಿನ ತಿರುಪು ತುಕ್ಕು ಹಿಡಿದು, ಅದು ತಾಗಿದ ಜಾಗದಲ್ಲಿ ಕಂದು ಕಲೆ ಉಳಿಯಿತು. ನಿಂಬೆರಸ, ಉಪ್ಪು ಹಚ್ಚಿ ತಿಕ್ಕಿದಾಗ ತುಕ್ಕಿನ ಕಲೆಯೇನೋ ಬಿಟ್ಟಿತು. ಆದರೆ ಬೂಷ್ಟು ಹೋಗಲೆಂದು ಇಡೀ ಬಟ್ಟೆಯನ್ನು ತೊಳೆದಾಗ ಅಂಗಡಿಯವರು "ಗಟ್ಟಿ ಬಣ್ಣ" ಎಂದು ಕೊಟ್ಟಿದ್ದ ಕೆಂಪು ದಾರ ಬಣ್ಣ ಬಿಟ್ಟಿತು. ಬಿಸಿಲಿರಲಿಲ್ಲ. ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದೆ. ಒದ್ದೆ ನಿಧಾನವಾಗಿ ಆರಿದಷ್ಟೂ ಕೆಂಪು ಹರಡುತ್ತಾ ಹೋಗಿ ಬಿಳಿ ಬಟ್ಟೆ ಗುಲಾಬಿಯಾಯಿತು, ಹೊಗೆಯ ವಾಸನೆ ಬೇರೆ. ಬಟ್ಟೆಗೆ 420, ದಾರಕ್ಕೆ 380, ಒಟ್ಟು 800 ರೂಪಾಯಿ ನೀರಿಗೆ ಹೋಯಿತು, ಹಾಕಿದ ದುಡಿಮೆಗೆ ಬೆಲೆ ಕಟ್ಟುವುದು ಹೇಗೆ?

ಈಗ ನಾನು ಹೊಸ ದಾರವನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯಲ್ಲಿ ಒತ್ತಿ ನೋಡದೆ ಸೂಜಿಗೆ ಏರಿಸುವುದಿಲ್ಲ. ಆರು ಎಳೆಯ ಲಡಿ ದಾರವನ್ನು ಹೆಣಿಗೆಗೆ ಬಳಸುವುದನ್ನೂ ಬಿಟ್ಟಿದ್ದೇನೆ. ಸೂಜಿ ಎಳೆಗಳ ನಡುವೆ ಹೊಕ್ಕು ದಾರವನ್ನು ಸೀಳುತ್ತದೆ. ಹುರಿ ಹಾಕಿದ ಪರ್ಲ್ ಕಾಟನ್, 8 ನಂಬರ್, ಸೀಳುವುದಿಲ್ಲ. 10 ಗ್ರಾಂ ಉಂಡೆಯಲ್ಲಿ ಸುಮಾರು 80 ಮೀಟರ್ ಇರುತ್ತದೆ, ಲಡಿಯಲ್ಲಿ ಇರುವುದು 8 ಮೀಟರ್. ಸೂಜಿ ಮೊಂಡು ತುದಿಯ ಟ್ಯಾಪೆಸ್ಟ್ರಿ ಸೂಜಿಯೇ ಆಗಬೇಕು, 24 ಅಥವಾ 26 ನಂಬರ್. ಚೂಪು ಸೂಜಿಯಿಂದ ಹೆಣೆಯುತ್ತೇನೆ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ.

ಶಿವಮೊಗ್ಗ, ವಿನೋಬನಗರದಿಂದ:
ನಾನು ಕಸೂತಿ ಕಲಿಸಿ ಜೀವನ ಮಾಡುವವಳು. ಸಾಗರದವರು ಬರೆದದ್ದನ್ನು ಓದಿ ಬಹಳ ಬೇಸರವಾಯಿತು. ಅವರು ಹೋದದ್ದು ನನ್ನಲ್ಲಿಗೆ ಅಲ್ಲ, ಆದರೂ ಕಲಿಸುವವರೆಲ್ಲ ದುಡ್ಡು ಕೀಳುವವರು ಎಂಬಂತೆ ಬರೆಯುವುದು ಸರಿಯಲ್ಲ. ಒಂದು ಕೋಣೆಗೆ ನಾನು ಕೊಡುವ ಬಾಡಿಗೆ ತಿಂಗಳಿಗೆ 6,000. ಕರೆಂಟು ಬೇರೆ. ಕಚ್ ವರ್ಕ್ ಬೇಕೆಂದು ಸೇರಿದವರು ಮೂರನೇ ವಾರಕ್ಕೇ "ಮೇಡಂ, ಆರಿ ವರ್ಕ್ ಹೇಳಿಕೊಡಿ, ಅದಕ್ಕೆ ಬೇಡಿಕೆ ಇದೆ" ಎನ್ನುತ್ತಾರೆ. ಅಚ್ಚು ಹಾಕುವುದರಲ್ಲಿ ವಾರ ಕಳೆಯಿತು ಎಂದು ದೂರುತ್ತೀರಿ. ನಕ್ಷೆಯ ಚೌಕ ಸಮನಾಗಿರದಿದ್ದರೆ ಹೂವಿನ ನಾಲ್ಕು ತೋಳುಗಳು ನಡುವೆ ಸೇರುವುದೇ ಇಲ್ಲ, ಅರ್ಧ ಮಿಲಿಮೀಟರ್ ವ್ಯತ್ಯಾಸ ಹತ್ತನೆಯ ಹೂವಿಗೆ ಬರುವಷ್ಟರಲ್ಲಿ ಅರ್ಧ ಸೆಂಟಿಮೀಟರ್ ಆಗುತ್ತದೆ. ಅದನ್ನು ಕಲಿಸದೆ ಹೆಣಿಗೆಗೆ ಕೈ ಹಾಕಿಸುವ ಟೀಚರ್ ಮೋಸ ಮಾಡಿದ ಹಾಗೆ.

ಇನ್ನು ಪ್ರಯಾಣದ ಮಾತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಬರುವ ಮನಸ್ಸಿದ್ದವರು ಬರುತ್ತಾರೆ.

ಹೊಸನಗರದಿಂದ:
ಮೇಡಂ, ನಮ್ಮ ಹಳ್ಳಿಯ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ, ಪೂರ್ತಿ ಟಿಕೆಟ್ ಕೊಡಬೇಕು. ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. ಮನಸ್ಸಿದ್ದರೆ ಬರುತ್ತಾರೆ ಎಂಬ ಮಾತನ್ನು ನಮ್ಮಂಥವರಿಗೆ ಹೇಳಬೇಡಿ.

ಶಿಕಾರಿಪುರದಿಂದ:
ಇಲ್ಲಿ ಎಲ್ಲರೂ ಗುಜರಾತಿನ ಹೊಲಿಗೆಗಾಗಿ ಜಗಳವಾಡುತ್ತಿರುವುದನ್ನು ನೋಡಿ ನೋವಾಗುತ್ತದೆ. ನನ್ನ ಅಜ್ಜಿ ತಾಂಡಾದಲ್ಲಿ ಫೇಟಿಯಾ, ಕಾಂಚಳಿಗಳ (ಲಂಬಾಣಿ ಹೆಂಗಸರ ಲಂಗ, ರವಿಕೆ) ಮೇಲೆ ಕನ್ನಡಿ ಕೂರಿಸಿ, ಕವಡೆ ಹೊಲಿದು, ಯಾವ ಅಚ್ಚೂ ಇಲ್ಲದೆ ಕಣ್ಣಳತೆಯಲ್ಲಿ ಸಾಲು ಸಾಲಾಗಿ ಕಸೂತಿ ಹಾಕುತ್ತಿದ್ದಳು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಆ ಹೆಂಗಸರು ಹೊಲಿದ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ಇದನ್ನು ಬಲ್ಲ ಮುದುಕಿಯರು ಇನ್ನೂ ಇದ್ದಾರೆ, ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಪಕ್ಕ ಕೂತು ಕಲಿಯಲು ಯಾರೂ 4,500 ರೂಪಾಯಿ ಕೇಳುವುದಿಲ್ಲ. ನಾನು ಅಜ್ಜಿಯಿಂದಲೇ ಕಲಿತೆ. ಹಾಗೆ ಕಲಿತ ಒಂದು ಚೀಲವನ್ನು ಶಿವಮೊಗ್ಗದ ಒಂದು ಅಂಗಡಿಗೆ ಒಯ್ದರೆ "150 ಕೊಡುತ್ತೇನೆ" ಎಂದರು. ಕನ್ನಡಿ, ಕವಡೆಗಳಿಗೇ 110 ಆಗಿತ್ತು. ಮಾರದೆ ವಾಪಸು ತಂದೆ.

ಕೊಪ್ಪದಿಂದ:
ಶಿಕಾರಿಪುರದವರ ನೋವು ಅರ್ಥವಾಗುತ್ತದೆ, ಆದರೆ ಪ್ರಶ್ನೆ ಕೇಳಿದವರು ಬೇರೆ ಹೊಲಿಗೆಯ ಬಗ್ಗೆ ಕೇಳಿದ್ದಾರೆ. ಈ ಹೆಣಿಗೆ ಗುಜರಾತಿನದು ಮಾತ್ರ ಎನ್ನುವುದೂ ಸರಿಯಲ್ಲ. ಕಚ್ಛ್‌ನಲ್ಲಿರುವಂತೆ ಸಿಂಧ್‌ನಲ್ಲಿಯೂ ಇದೆ. ಈಗಿನ ತುರ್ಕಿಯ ಮರಾಶ್ ಎಂಬ ಊರಿನ ಅರ್ಮೇನಿಯನ್ ಹೆಂಗಸರೂ ಬಹುಮಟ್ಟಿಗೆ ಇದೇ ರೀತಿ ಅಡಿಪಾಯ ಹಾಕಿ ಅದರ ಮೇಲೆ ಹೆಣೆಯುತ್ತಿದ್ದರು. 1915ರ ನಂತರ ಊರು ಕಳೆದುಕೊಂಡು ಅಲೆಪ್ಪೊ, ಬೈರೂತ್ ಸೇರಿದವರು ಈ ಕೈಕೆಲಸವನ್ನೂ ಜೊತೆಗೆ ಒಯ್ದರು. ಊರು ಬಿಟ್ಟವರ ಕೈಯಲ್ಲಿ ಉಳಿದು ಬಂದ ಹೊಲಿಗೆಯನ್ನು ಪರರದ್ದು ಎಂದು ದೂರ ತಳ್ಳಬಾರದು.

ನನ್ನ ಅನುಭವ ಹೇಳುವುದಾದರೆ, ನಾನು ಧಾರವಾಡ ಕಸೂತಿಯಿಂದ ಇದಕ್ಕೆ ಬಂದವಳು. ಗವಂತಿ, ಮುರ್ಗಿ, ನೇಗಿ, ಮೆಂತೆ ನಾಲ್ಕೂ ಎಳೆ ಎಣಿಸಿ ಹಾಕುವ ಹೊಲಿಗೆಗಳು, ಗಂಟಿಲ್ಲದೆ ಸಾಗುವಂಥವು. ಗವಂತಿ, ಮುರ್ಗಿಗಳಲ್ಲಂತೂ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಆ ಶಿಸ್ತು ಇದ್ದವರಿಗೆ ಕಚ್ ವರ್ಕ್ ಸುಲಭ.

ವಿನೋಬನಗರದಿಂದ:
ಸುಲಭವಲ್ಲ. ಗವಂತಿ ಹಾಕುವವರು ಪ್ರತಿ ಹೊಲಿಗೆಯನ್ನೂ ಬಟ್ಟೆಗೆ ಒತ್ತಿ ಕೂರಿಸುತ್ತಾರೆ. ಅದೇ ಅಭ್ಯಾಸದಿಂದ ಇಲ್ಲಿ ಅಡಿಪಾಯವನ್ನೂ ಬಿಗಿದುಬಿಡುತ್ತಾರೆ. ಬಿಗಿ ಅಡಿಪಾಯದ ಮೇಲೆ ಹೆಣೆದರೆ ಸುಕ್ಕು ಖಂಡಿತ. ಧಾರವಾಡ ಕಸೂತಿ ಬಲ್ಲವರಿಗೆ ಕಲಿಸುವುದು ಏನೂ ಬಾರದವರಿಗೆ ಕಲಿಸುವುದಕ್ಕಿಂತ ಕಷ್ಟ.

ಕೊಪ್ಪದಿಂದ:
ನೀವು ನನ್ನ ಕೆಲಸ ನೋಡಿಲ್ಲ. ನೋಡದೆ ತೀರ್ಪು ಕೊಡಬೇಡಿ.

ಭದ್ರಾವತಿಯಿಂದ:
ಯಾರೂ ಹಣದ ಮಾತನ್ನು ಪೂರ್ತಿ ಆಡುತ್ತಿಲ್ಲ. ನಾನು ಆರ್ಡರ್ ಮೇಲೆ ಒಂದು ಸೀರೆಗೆ ಕಚ್ ವರ್ಕ್ ಹಾಕಿಕೊಟ್ಟೆ. ಮಾತಾದದ್ದು 3,800 ರೂಪಾಯಿ. ದಾರ 640, ಅಚ್ಚು ಹಾಕಿಸಿದ್ದು 250, ಸೆರಗಿನ ಹಿಂಬದಿಗೆ ಬಟ್ಟೆ ಕೊಟ್ಟು ಹೊಲಿಸಿದ್ದು 180, ಕೊರಿಯರ್ 120, ಒಟ್ಟು 1,190. ಉಳಿದದ್ದು 2,610. ದೀಪಾವಳಿ ಕಳೆದ ಮೇಲೆ ಹಿಡಿದ ಕೆಲಸ ಮುಗಿದದ್ದು ಶಿವರಾತ್ರಿಯ ಹೊತ್ತಿಗೆ, ಮನೆಯ ಕೆಲಸವೆಲ್ಲ ಮುಗಿದ ಮೇಲೆ ರಾತ್ರಿ ಕೂತು. ಸೀರೆ ಪಡೆದವರು "ಮೆಷಿನ್ನಿನಲ್ಲಿ ಇದೇ ಡಿಸೈನು 1,500ಕ್ಕೆ ಬರುತ್ತದೆ" ಎಂದು 500 ಹಿಡಿದುಕೊಂಡರು. ಆ 500 ಇವತ್ತಿಗೂ ಬಂದಿಲ್ಲ. ಮೆಷಿನ್ನಿನದು ದಾರವನ್ನು ಬಟ್ಟೆಗೆ ಚುಚ್ಚಿ ಚುಚ್ಚಿ ಹೆಣಿಗೆಯ ಆಕಾರ ತೋರಿಸುತ್ತದೆ ಅಷ್ಟೆ. ಕೈಯದರಲ್ಲಿ ದಾರದ ಅಡಿಗೆ ಸೂಜಿ ತೂರಿಸಿ ಎತ್ತಿ ನೋಡಬಹುದು, ಬಟ್ಟೆಯಿಂದ ಬಿಡಿಸಿಕೊಂಡು ಮೇಲೇಳುತ್ತದೆ. ಅದನ್ನು ಅವರ ಎದುರೇ ತೋರಿಸಿದೆ. ಕೇಳಲಿಲ್ಲ.

ಮದುವೆ ಸೀರೆ ಎನ್ನುತ್ತೀರಿ, ಇನ್ನೊಂದು ಮಾತು. ಒಂದು ಸೆಂಟಿಮೀಟರಿಗಿಂತ ಅಗಲದ ಸಾಲು ಹಾಕಬೇಡಿ. ಬಟ್ಟೆಗೆ ಅಂಟದೆ ಮೇಲೆ ನಿಂತ ದಾರ ಬಳೆಗೆ, ಸೇಫ್ಟಿ ಪಿನ್ನಿಗೆ ಸಿಕ್ಕಿಕೊಳ್ಳುತ್ತದೆ. ನನ್ನ ನಾದಿನಿಯ ಸೆರಗಿನಲ್ಲಿ ಧಾರೆಯ ದಿನವೇ ಒಂದು ಹೂವು ಕಿತ್ತುಬಂತು.

ಸಾಗರದಿಂದ:
ವಿನೋಬನಗರದ ಮೇಡಂ ಅವರೇ, ನೀವು ಈಗ ಕೊಪ್ಪದವರಿಗೆ ಅಡಿಪಾಯ ಸಡಿಲವಿರಬೇಕು ಎಂದು ಉಚಿತವಾಗಿ ಹೇಳಿದಿರಿ. ಇದೇ ಮಾತನ್ನು ನನಗೆ ಕಲಿಸಿದವರು ಕೊನೆಯವರೆಗೂ ಹೇಳಲಿಲ್ಲ. ನನ್ನ ಸಿಟ್ಟು ಅದರ ಬಗ್ಗೆ. ಬಾಡಿಗೆ ನಿಮಗೂ ಇದೆ, ಅವರಿಗೂ ಇದೆ, ಒಪ್ಪುತ್ತೇನೆ. ಆದರೆ ದುಡ್ಡು ತೆಗೆದುಕೊಂಡವರು ಕಾರಣ ಹೇಳಬೇಕು.

ವಿನೋಬನಗರದಿಂದ:
ಕಾರಣ ಹೇಳದೆ ಕಲಿಸುವುದು ತಪ್ಪು, ಅದನ್ನು ನಾನು ಸಮರ್ಥಿಸಿಲ್ಲ. ಆದರೆ ಬಿಚ್ಚಿ ನೋಡಿ ಕಲಿತೆ ಎನ್ನುವ ನಿಮಗೂ, ಬಿಚ್ಚುವ ಮೊದಲು ಆ ವಾರಗಳಲ್ಲಿ ಕೈ ಪಳಗಿತ್ತು ಎಂಬುದನ್ನು ಮರೆಯಬೇಡಿ.

ತೀರ್ಥಹಳ್ಳಿಯಿಂದ:
ಎಲ್ಲರಿಗೂ ಧನ್ಯವಾದ. ಅಡಿಪಾಯ ಸಡಿಲವಿರಬೇಕು ಎಂದಿರಿ. ಎಷ್ಟು ಸಡಿಲ? ಹೆಣೆಯುತ್ತಾ ನಡುವೆ ದಾರ ಮುಗಿದರೆ ಏನು ಮಾಡುವುದು? ಬಟ್ಟೆಗೇ ಚುಚ್ಚದಿರುವಾಗ ಗಂಟು ಎಲ್ಲಿ ಹಾಕುವುದು?

ಹೊಸನಗರದಿಂದ:
ಬಟ್ಟೆ ರಿಂಗಿನಲ್ಲಿ ಬಿಗಿಯಾಗಿರುವಾಗ ಅಡಿಪಾಯದ ದಾರದ ಕೆಳಗೆ ಇನ್ನೊಂದು ಸೂಜಿ ಎಲ್ಲಿಯೂ ತಡೆಯದೆ ಜಾರಿಹೋಗಬೇಕು, ಆದರೆ ದಾರ ಕೊಂಡಿಯಾಗಿ ಮೇಲೇಳಬಾರದು. ಹೆಣಿಗೆ ಎರಡೂ ಕಡೆಯಿಂದ ಎಳೆದು ಆ ಸಡಿಲವನ್ನು ತಾನೇ ನುಂಗುತ್ತದೆ. ಗಂಟು ಹಾಕಲೇಬೇಡಿ. ಪಟ್ಟಿಯ ಮೇಲಿನ ಅರ್ಧವನ್ನು ಮೊದಲು ತುದಿಯವರೆಗೆ ಹೆಣೆದು, ತಿರುಗಿ ಬರುವಾಗ ಕೆಳಗಿನ ಅರ್ಧವನ್ನು ನಡುವಿನ ಕೊಂಡಿಗಳಿಗೆ ಸಿಕ್ಕಿಸುತ್ತಾ ಬರುವುದರಿಂದ, ಅಷ್ಟು ದೂರಕ್ಕೂ ಸಾಲುವಷ್ಟು ದಾರವನ್ನು ಮೊದಲೇ ಇಟ್ಟುಕೊಳ್ಳಬೇಕು. ಗೇಣುದ್ದದ ಮಾದರಿ ಹೆಣೆದು, ಬಿಚ್ಚಿ, ತಗುಲಿದ ದಾರವನ್ನು ಅಳೆದುಕೊಳ್ಳಿ. ಆದರೂ ಮುಗಿದರೆ, ಯಾವುದಾದರೂ ಕತ್ತರಿಯ ಅಡಿಯಲ್ಲಿ ಹಳೆಯ ತುದಿಯನ್ನು ಬಟ್ಟೆಯ ಹಿಂದಕ್ಕೆ ಇಳಿಸಿ, ಹೊಸ ದಾರವನ್ನು ಅದೇ ಜಾಗದಿಂದ ಮೇಲೆ ತನ್ನಿ. ಹೆಣಿಗೆ ಅದನ್ನು ಮುಚ್ಚುತ್ತದೆ.

ವಿನೋಬನಗರದಿಂದ:
ಹೊಸನಗರದವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಒಂಟಿ ಹೆರಿಂಗ್‌ಬೋನ್ ಸಾಲಿನಿಂದ ಶುರು ಮಾಡಿ: ಮೇಲಿನ ಕತ್ತರಿಗೆ ಎರಡು ಪೂರ್ತಿ ಸುತ್ತು, ಕೆಳಗಿನ ಕತ್ತರಿಗೆ ಒಂದೂವರೆ ಸುತ್ತು, ಸೂಜಿಯ ಕಣ್ಣಿನ ಕಡೆಯನ್ನು ಮುಂದೆ ಮಾಡಿ. ಅದು ಸುಕ್ಕಿಲ್ಲದೆ ಬರುವವರೆಗೆ ನಾಲ್ಕು ತೋಳಿನ ಹೂವಿಗೆ ಹೋಗಬೇಡಿ. ಸೀರೆಯ ಬಟ್ಟೆಯದೇ ಚೂರು ಸಿಕ್ಕರೆ ಅದರ ಮೇಲೆ ಮಾಡಿ ನೋಡಿ. ಕೇಸ್‌ಮೆಂಟ್ ದಪ್ಪವಾಗಿ ಸುಕ್ಕನ್ನು ಅಡಗಿಸುತ್ತದೆ, ತೆಳು ಹತ್ತಿಯಲ್ಲಿ ಅದೇ ಬಿಗಿ ಎದ್ದು ಕಾಣುತ್ತದೆ.

ಸಾಗರದಿಂದ:
ಕಣ್ಣಿನ ಕಡೆ ಮುಂದೆ ಮಾಡುವುದಾದರೆ ಮೊಂಡು ಸೂಜಿಗೆ ಬೇರೆ ದುಡ್ಡು ಯಾಕೆ ಕೊಡಬೇಕು? ನಾನು ಇವತ್ತಿಗೂ ಸಾಮಾನ್ಯ ಸೂಜಿಯಲ್ಲೇ ಹೆಣೆಯುತ್ತೇನೆ.

ಹೊಸನಗರದಿಂದ:
ಅಕ್ಕಾ, ಚೂಪು ತುದಿ ಆಗ ನಿಮ್ಮ ಬೆರಳಿಗೆ ಚುಚ್ಚುತ್ತದೆ. ಕೆನೆಬಣ್ಣದ ಸೀರೆಯ ಮೇಲೆ ರಕ್ತದ ಚುಕ್ಕೆ ಬಿದ್ದರೆ ಕೂಡಲೇ ತಣ್ಣೀರು ಹಾಕಬೇಕು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಆ ಮೊಂಡು ಸೂಜಿಗೆ ಆಗುವುದು 40 ರೂಪಾಯಿ.